ಬ್ಯಾಡ್ಮಿಂಟನ್ ನಂಬಿ ಬದುಕಬಹುದೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಮೇಡಂ, ನನ್ನ ಮಗಳು ಇದರಲ್ಲೇ ಮುಂದುವರಿದರೆ ಬದುಕಿಗೆ ಒಂದು ದಾರಿಯಾಗುತ್ತದೆಯೇ?"

ಕಳೆದ ಭಾನುವಾರ ಹೀಗೆ ಕೇಳಿದವರು ಗುಬ್ಬಿ ಕಡೆಯಿಂದ ಬೈಕಿನಲ್ಲಿ ಬಂದಿದ್ದ ಒಬ್ಬ ತಂದೆ. ಹೆಲ್ಮೆಟ್ ಕಂಕುಳಲ್ಲಿತ್ತು. ಹತ್ತು ವರ್ಷದ ಮಗಳು ಪಕ್ಕದಲ್ಲಿ ಕುಳಿತು ಶೂ ದಾರ ಬಿಚ್ಚುತ್ತಿದ್ದಳು. ತುಮಕೂರಿನಲ್ಲಿ ಮಕ್ಕಳಿಗೆ ಬ್ಯಾಡ್ಮಿಂಟನ್ ಕಲಿಸಲು ತೊಡಗಿ ಹದಿನಾಲ್ಕು ವರ್ಷಗಳಾದವು. ಇದೇ ಪ್ರಶ್ನೆಯನ್ನು ಎಸ್.ಎಸ್. ಪುರಂನ ವೈದ್ಯರೂ ಕೇಳಿದ್ದಾರೆ, ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಹೂವು ಮಾರುವ ತಾಯಿಯೂ ಕೇಳಿದ್ದಾರೆ. ಮುಂದಿನ ತಂಡದ ಮಕ್ಕಳು ಕಾಯುತ್ತಿರುತ್ತಾರೆ. ನಾನು ಬಾಗಿಲಲ್ಲೇ ನಿಂತು ಅರ್ಧ ಉತ್ತರ ಕೊಟ್ಟು ಕಳುಹಿಸುತ್ತೇನೆ. ಆ ಅರ್ಧ ಉತ್ತರ ರಾತ್ರಿಯೆಲ್ಲ ಕೊರೆಯುತ್ತದೆ. ಅದಕ್ಕೇ ಪೂರ್ತಿಯಾಗಿ ಬರೆಯಲು ಕುಳಿತಿದ್ದೇನೆ.

ದಾರಿಯಾಗುತ್ತದೆ. ಆದರೆ ಅದಕ್ಕೆ ಮೊದಲು ನಾನು ನಿಮ್ಮನ್ನು ಒಂದು ಮಾತು ಕೇಳಬೇಕು. ನಿಮ್ಮ ಮನೆ ಎಷ್ಟು ವರ್ಷ ಸೋಲನ್ನು ಸಾಕಬಲ್ಲದು?

ಮಗುವಿನ ಕೈಚಳಕ, ಎತ್ತರ, ಓಟದ ವೇಗ ಇವನ್ನು ನಾನು ಆರು ತಿಂಗಳಲ್ಲಿ ಅಳೆಯಬಲ್ಲೆ. ಅಳೆಯಲು ಬಾರದ್ದು ಮನೆ. ಮೂವತ್ತೆರಡು ಮಂದಿ ಇರುವ ಒಂದು ಡ್ರಾ, ಅಂದರೆ ಟೂರ್ನಿಯಲ್ಲಿ ಯಾರ ಎದುರು ಯಾರು ಎಂಬ ಪಟ್ಟಿ, ಕಣ್ಣ ಮುಂದೆ ತಂದುಕೊಳ್ಳಿ. ಮೊದಲ ದಿನವೇ ಹದಿನಾರು ಮಂದಿ ಚೀಲ ಹೆಗಲಿಗೇರಿಸಿ ಬಸ್ ಹಿಡಿಯುತ್ತಾರೆ. ಕೊನೆಗೆ ಸೋಲದೆ ಮನೆಗೆ ಹೋಗುವುದು ಒಂದೇ ಒಂದು ಮಗು. ಹಾಗಾಗಿ ಚೆನ್ನಾಗಿ ಆಡುವ ಮಗುವೂ ವರ್ಷಕ್ಕೆ ಹತ್ತು ಟೂರ್ನಿಗಳಿಗೆ ಹೋದರೆ ಎಂಟೊಂಬತ್ತು ಸಲ ಸೋತೇ ಬರುತ್ತದೆ. ಹೀಗೆ ಎಂಟು, ಹತ್ತು ವರ್ಷ. ಪ್ರತಿ ಸಲ ಬಾಗಿಲು ತೆರೆಯುವವರ ಮುಖವನ್ನು ಆ ಮಗು ಓದುತ್ತದೆ.

ಇಷ್ಟು ಹೇಳಿದರೆ ತಂದೆ ತಾಯಂದಿರು ದೊಡ್ಡ ಹೆಸರುಗಳನ್ನು ಮುಂದಿಡುತ್ತಾರೆ. ಕಾರ್ಕಳದ ಆಯುಷ್ ಶೆಟ್ಟಿ ಬೆಂಗಳೂರಿಗೆ ಬಂದು ಕಲಿತು 2025ರಲ್ಲಿ ಅಮೆರಿಕ ಓಪನ್ ಗೆಲ್ಲಲಿಲ್ಲವೇ? ಕೋರ್ಟೇ ಇಲ್ಲದ ಕಾಲದಲ್ಲಿ ಪ್ರಕಾಶ್ ಪಡುಕೋಣೆ ಬೆಳೆಯಲಿಲ್ಲವೇ? ಖಂಡಿತ. ಪ್ರಕಾಶ್ ಅವರು ಕಲಿತದ್ದು ಮನೆಯ ಹತ್ತಿರದ ಕೆನರಾ ಯೂನಿಯನ್ ಎಂಬ ಮದುವೆ ಸಭಾಂಗಣದಲ್ಲಿ. ಅಂದು ಅಲ್ಲಿ ಸಮಾರಂಭ ಇಲ್ಲದಿದ್ದರೆ ಮಾತ್ರ ಆಟ. 1971ರಲ್ಲಿ, ಹದಿನಾರರ ವಯಸ್ಸಿನಲ್ಲಿ, ರಾಷ್ಟ್ರೀಯ ಜೂನಿಯರ್ ಮತ್ತು ಸೀನಿಯರ್ ಎರಡೂ ಪ್ರಶಸ್ತಿಗಳನ್ನು ಗೆದ್ದರು. 1979ರವರೆಗೆ ಸತತ ಒಂಬತ್ತು ವರ್ಷ ರಾಷ್ಟ್ರೀಯ ಚಾಂಪಿಯನ್ ಆಗಿದ್ದರು. 1980ರಲ್ಲಿ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ, ಬ್ಯಾಡ್ಮಿಂಟನ್ನಿನ ಅತಿ ಪ್ರತಿಷ್ಠಿತ ಟೂರ್ನಿಗಳಲ್ಲೊಂದಾದ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ತಂದರು. ಇದೆಲ್ಲ ಎಲ್ಲರಿಗೂ ಗೊತ್ತು. ಆದರೆ 1962ರಲ್ಲಿ ಅವರು ಆಡಿದ ಮೊದಲ ಅಧಿಕೃತ ಪಂದ್ಯಾವಳಿ, ಅಂದರೆ ರಾಜ್ಯ ಜೂನಿಯರ್ ಪಂದ್ಯಾವಳಿ, ಮೊದಲ ಸುತ್ತಿನಲ್ಲೇ ಮುಗಿದಿತ್ತು ಎಂಬುದನ್ನು ನಾನು ಹೇಳಿದಾಗ ಎದುರಿಗಿದ್ದವರು ಸುಮ್ಮನಾಗುತ್ತಾರೆ. ಎರಡು ವರ್ಷದ ನಂತರ ಅದೇ ಪ್ರಶಸ್ತಿಯನ್ನು ಅವರು ಗೆದ್ದರು. ನನಗೆ ಮುಖ್ಯವಾಗಿ ಕಾಣುವುದು ಆ ನಡುವಿನ ಎರಡು ವರ್ಷ.

ಇನ್ನೂ ಒಂದು ಸಂಗತಿಯನ್ನು ಗಮನಿಸಿ. ಪ್ರಕಾಶ್ ಅವರ ತಂದೆ ರಮೇಶ್ ಪಡುಕೋಣೆ ಬ್ಯಾಡ್ಮಿಂಟನ್ ಸಂಸ್ಥೆಯಲ್ಲೇ ಓಡಾಡಿಕೊಂಡಿದ್ದವರು. ಒಲಿಂಪಿಕ್ಸ್‌ನಲ್ಲಿ ಎರಡು ಪದಕ ಗೆದ್ದ ಸಿಂಧು ಅವರ ತಂದೆ, ತಾಯಿ ಇಬ್ಬರೂ ವಾಲಿಬಾಲ್ ಆಟಗಾರರು. ಅಲ್ಮೋರಾದಿಂದ ಬಾಲಕನಾಗಿದ್ದಾಗಲೇ ಬೆಂಗಳೂರಿಗೆ ಬಂದ ಲಕ್ಷ್ಯ ಸೇನ್ ಅವರ ತಂದೆ ಸ್ವತಃ ಬ್ಯಾಡ್ಮಿಂಟನ್ ಕೋಚ್. ಆ ಮನೆಗಳಿಗೆ ಅನುಕೂಲವಿತ್ತು ಎಂದು ಜನ ಮಾತಾಡಿಕೊಳ್ಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡದು ಆ ಮನೆಗಳಿಗೆ ಸೋಲಿನ ಪರಿಚಯವಿತ್ತು ಎಂಬುದು. ಮಗು ಸೋತು ಬಂದ ಸಂಜೆ ಏನು ಮಾತಾಡಬೇಕು, ಏನು ಮಾತಾಡಬಾರದು ಎಂಬುದು ಅಲ್ಲಿನ ಹಿರಿಯರಿಗೆ ತಿಳಿದಿತ್ತು.

ನಮ್ಮ ಮನೆಗೆ ಆ ಪರಿಚಯ ಇರಲಿಲ್ಲ. ಅಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಕಾಲದ ಆಟವೆಂದರೆ ಬಾಲ್ ಬ್ಯಾಡ್ಮಿಂಟನ್: ಬಯಲಿನ ಕೋರ್ಟ್, ಹಳದಿ ಉಣ್ಣೆಯ ಚೆಂಡು, ಒಂದೊಂದು ಕಡೆಗೆ ಐದೈದು ಮಂದಿ. ಒಂದೇ ಚೆಂಡು ಎಷ್ಟೋ ದಿನ ಬರುತ್ತಿತ್ತಂತೆ. ಹಾಗಾಗಿ ಶಟಲ್ ಎಂಬುದು ಅವರಿಗೆ ಅರ್ಥವೇ ಆಗಲಿಲ್ಲ. ಹದಿನಾರು ಗರಿ, ಒಂದು ಬೆಂಡು, ತೂಕ ಐದು ಗ್ರಾಂ ಆಸುಪಾಸು. ಗರಿಗಳೆಲ್ಲ ಹಕ್ಕಿಯ ಒಂದೇ ಕಡೆಯ ರೆಕ್ಕೆಯವಾಗಿರಬೇಕು, ಇಲ್ಲದಿದ್ದರೆ ಶಟಲ್ ನೇರವಾಗಿ ಸುತ್ತುವುದಿಲ್ಲ. ಬಲವಾದ ನಾಲ್ಕು ಸ್ಮ್ಯಾಷ್ ಬಿದ್ದರೆ ಒಂದು ಗರಿ ಮುರಿಯುತ್ತದೆ, ಅಲ್ಲಿಗೆ ಆ ಶಟಲ್ ಮುಗಿಯಿತು.

ನಮ್ಮೂರಿನ ಬೇಸಿಗೆಯ ಒಣ ಗಾಳಿಗೆ ಗರಿ ಇನ್ನೂ ಬೇಗ ಸಿಡಿಯುತ್ತದೆ. ಅದಕ್ಕೊಂದು ಉಪಾಯವನ್ನು ಅಮ್ಮ ಕಲಿತಿದ್ದರು. ಟೂರ್ನಿಯ ಹಿಂದಿನ ರಾತ್ರಿ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ಶಟಲ್ ಡಬ್ಬಿಯ ಮುಚ್ಚಳಗಳನ್ನು ತೆಗೆದು, ಗರಿಯ ಕಡೆಯನ್ನು ಕೆಳಗೆ ಮಾಡಿ ಹಬೆಯ ಮೇಲೆ ಹಿಡಿಯುತ್ತಿದ್ದರು. ನಾಲ್ಕೈದು ಸೆಕೆಂಡು, ಅಷ್ಟೇ. ಹೆಚ್ಚಾದರೆ ಗರಿ ತೇವ ಹೀರಿ ಶಟಲ್ಲಿನ ಹಾರಾಟ ಕೆಡುತ್ತದೆ. ಬೆಂಡಿಗೆ ತಾಗಿದರೆ ಅಂಟು ಬಿಡುತ್ತದೆ. ಆಮೇಲೆ ಮುಚ್ಚಳ ಹಾಕಿ ದೇವರ ಮನೆಯ ಪಕ್ಕದ ಗೂಡಿನಲ್ಲಿ ನಿಲ್ಲಿಸುತ್ತಿದ್ದರು. ಬ್ಯಾಡ್ಮಿಂಟನ್ನಿನ ಒಂದು ಅಂಕವನ್ನೂ ಎಣಿಸಲು ಬಾರದ ಅಮ್ಮನಿಗೆ ಎಷ್ಟು ಹಬೆ ಸಾಕು ಎಂಬುದು ಮಾತ್ರ ಕೈಗೆ ಗೊತ್ತಿತ್ತು. ನಾನು ಕಳೆದ ತಿಂಗಳು ಕೊಂಡ ಒಂದು ಡಬ್ಬಿಯ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ಅದರಲ್ಲಿರುವುದು ಹನ್ನೆರಡು ಶಟಲ್. ಗಂಭೀರವಾಗಿ ಅಭ್ಯಾಸ ಮಾಡುವ ಇಬ್ಬರು ಮಕ್ಕಳಿಗೆ ಅದು ಒಂದು ವಾರವೂ ಬರುವುದಿಲ್ಲ. ರ‍್ಯಾಕೆಟ್ ಒಂದು ಸಲದ ಖರ್ಚು. ಶಟಲ್, ಗಟ್ಟಿಂಗ್ (ರ‍್ಯಾಕೆಟ್ಟಿಗೆ ತಂತಿ ಕಟ್ಟಿಸುವುದು) ಮತ್ತು ಪ್ರಯಾಣ ಪ್ರತಿ ವಾರದ ಖರ್ಚು. ಬಜೆಟ್ ಹಾಕುವವರು ರ‍್ಯಾಕೆಟ್ಟಿನ ಬೆಲೆ ವಿಚಾರಿಸಿ ಇವನ್ನು ಮರೆಯುತ್ತಾರೆ.

ಬೆಂಗಳೂರಿಗೆ ಮನೆ ಬದಲಾಯಿಸಬೇಕೇ ಎಂದೂ ಕೇಳುತ್ತಾರೆ. ಹನ್ನೆರಡು ವರ್ಷದವರೆಗೆ ಖಂಡಿತ ಬೇಡ. ಹಿಡಿತ, ಹೆಜ್ಜೆ, ನೆಟ್ ಹತ್ತಿರದ ಮೃದು ಹೊಡೆತ ಇವನ್ನೆಲ್ಲ ತುಮಕೂರಿನಲ್ಲೇ ಕಲಿಯಬಹುದು. ಆಮೇಲಿನ ತೊಂದರೆ ಬೇರೆ. ಇಲ್ಲಿ ಚೆನ್ನಾಗಿ ಕಲಿತ ಹುಡುಗಿ ಎರಡು ವರ್ಷದಲ್ಲಿ ಇಲ್ಲಿನ ಎಲ್ಲರನ್ನೂ ಗೆಲ್ಲುತ್ತಾಳೆ. ನಂತರ ಅವಳನ್ನು ಸೋಲಿಸುವವರು ಊರಲ್ಲಿ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಇರುವ ದೊಡ್ಡ ಸವಲತ್ತು ಅದೇ: ದಿನವೂ ನಿಮ್ಮ ಮಗಳನ್ನು ಸೋಲಿಸುವ ಹತ್ತು ಮಕ್ಕಳು. ಹದಿಮೂರರ ಹೊತ್ತಿಗೆ ರಾಜ್ಯಮಟ್ಟದ ಟೂರ್ನಿಗಳಲ್ಲಿ ಪದೇ ಪದೇ ಕ್ವಾರ್ಟರ್ ಫೈನಲ್ ತಲುಪುತ್ತಿದ್ದರೆ ಆಗ ಆ ಎಪ್ಪತ್ತು ಕಿಲೋಮೀಟರಿನ ಯೋಚನೆ ಮಾಡಿ.

ನಾನು ಆ ಎಪ್ಪತ್ತು ಕಿಲೋಮೀಟರನ್ನು ನಾಲ್ಕು ವರ್ಷ ರೈಲಿನಲ್ಲಿ ಹೋಗಿಬಂದು ಮಾಡಿದವಳು. ಹದಿನೇಳನೆಯ ವಯಸ್ಸಿನಲ್ಲಿ ಒಂದು ಅಭ್ಯಾಸ ಪಂದ್ಯದಲ್ಲಿ ಕೋರ್ಟಿನ ಹಿಂದಿನ ಎಡ ಮೂಲೆಗೆ ಹಾರಿ, ತಲೆಯ ಮೇಲಿಂದ ಹೊಡೆದು, ಎಡಗಾಲಿನ ಮೇಲೆ ಇಳಿದೆ. ಮಂಡಿ ಒಳಕ್ಕೆ ತಿರುಗಿತು. ಒಣ ಕಡ್ಡಿ ಮುರಿದ ಸದ್ದು ನನಗೇ ಕೇಳಿಸಿತು. ಬಲಗೈ ಆಟಗಾರರಿಗೆ ಮಂಡಿಯ ಲಿಗಮೆಂಟ್ ಹರಿಯುವುದು ಹೆಚ್ಚಾಗಿ ಇದೇ ಮೂಲೆಯಲ್ಲಿ, ಹೀಗೆ ಇಳಿಯುವಾಗಲೇ ಎಂದು ನಾನು ತಿಳಿದದ್ದು ಎಷ್ಟೋ ವರ್ಷಗಳ ನಂತರ. ದಿನಕ್ಕೆ ಮೂರು ಗಂಟೆ ಆಡಿಸಿದವರು ಯಾರೂ ಕಾಲಿನ ಸ್ನಾಯುಗಳಿಗೆ ಹದಿನೈದು ನಿಮಿಷದ ವ್ಯಾಯಾಮ ಮಾಡಿಸಿರಲಿಲ್ಲ. ಪುಲ್ಲೇಲ ಗೋಪಿಚಂದ್ ಮಂಡಿಯ ಶಸ್ತ್ರಚಿಕಿತ್ಸೆಗಳ ನಂತರ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ನನಗೆ ಹಾಗಾಗಲಿಲ್ಲ. ಒಂದೂವರೆ ವರ್ಷದ ನಂತರ ಮತ್ತೆ ಆಡಿದೆ, ವಿಶ್ವವಿದ್ಯಾಲಯದ ತಂಡಕ್ಕೂ ಆಡಿದೆ, ಆದರೆ ಆ ಮೂಲೆಗೆ ಹಾರುವಾಗ ಪ್ರತಿ ಸಲ ಕಾಲು ಒಂದು ಕ್ಷಣ ತಡೆಯುತ್ತಿತ್ತು. ಮೇಲಿನ ಮಟ್ಟದಲ್ಲಿ ಆ ಒಂದು ಕ್ಷಣ ಸಾಕು.

ಆಟ ಬಿಟ್ಟ ಮೇಲೆ, ಅಪ್ಪನ ಕಪಾಟಿನಲ್ಲಿ ಉದ್ದನೆಯ ಒಂದು ಲೆಕ್ಕದ ಪುಸ್ತಕ ಸಿಕ್ಕಿತು. ಪುಟದ ಮೇಲೆ ನನ್ನ ಹೆಸರು. ದಿನಾಂಕ, ವಿವರ, ರೂಪಾಯಿ. ರೈಲು ಪಾಸು, ಶಟಲ್, ಗಟ್, ಪ್ರವೇಶ ಶುಲ್ಕ, ದಾವಣಗೆರೆಗೆ ಹೋದ ಖರ್ಚು. ಅಡಿಕೆ ಮಂಡಿಯಲ್ಲಿ ಪ್ರತಿ ಸಂಜೆ ಪೈಸೆ ತಪ್ಪದೆ ಮೊತ್ತ ಹಾಕುತ್ತಿದ್ದ ಅಪ್ಪ ಆ ಪುಸ್ತಕದ ಒಂದು ಪುಟಕ್ಕೂ ಮೊತ್ತ ಹಾಕಿರಲಿಲ್ಲ. ಸೋತು ಬಂದ ದಿನ ಅವರು ಏನನ್ನೂ ಕೇಳದೆ "ಕೈಕಾಲು ತೊಳೆದುಕೊಂಡು ಬಾ, ಊಟ ಮಾಡೋಣ" ಎನ್ನುತ್ತಿದ್ದರು. ಅವರಿಗೆ ಆಟ ಗೊತ್ತಿಲ್ಲ, ಅದಕ್ಕೆ ಕೇಳುವುದಿಲ್ಲ ಎಂದುಕೊಂಡಿದ್ದೆ.

ಇನ್ನು ಹಣದ ವಿಷಯ. ಜಿಲ್ಲೆ, ರಾಜ್ಯ, ಅಖಿಲ ಭಾರತ ರ‍್ಯಾಂಕಿಂಗ್ ಟೂರ್ನಿಗಳನ್ನು ದಾಟಿದ ಮೇಲೆ ಅಂತರರಾಷ್ಟ್ರೀಯ ಏಣಿ ಶುರುವಾಗುತ್ತದೆ. ಕೆಳಗೆ ಫ್ಯೂಚರ್ ಸೀರೀಸ್, ಇಂಟರ್‌ನ್ಯಾಷನಲ್ ಸೀರೀಸ್, ಇಂಟರ್‌ನ್ಯಾಷನಲ್ ಚಾಲೆಂಜ್. ಅದರ ಮೇಲೆ ಸೂಪರ್ 100ರಿಂದ ಸೂಪರ್ 1000ದವರೆಗೆ ವಿಶ್ವ ಟೂರ್. ಇಂಟರ್‌ನ್ಯಾಷನಲ್ ಸೀರೀಸ್ ಗೆದ್ದರೆ 2,500 ಅಂಕ, ಸೂಪರ್ 1000 ಗೆದ್ದರೆ 12,000. ಹಿಂದಿನ 52 ವಾರಗಳ ಅತ್ಯುತ್ತಮ ಹತ್ತು ಫಲಿತಾಂಶಗಳನ್ನು ಕೂಡಿಸಿ ವಿಶ್ವ ರ‍್ಯಾಂಕಿಂಗ್ ಕೊಡುತ್ತಾರೆ. ದೊಡ್ಡ ಟೂರ್ನಿಗೆ ಪ್ರವೇಶ ಸಿಗಬೇಕಾದರೆ ಅಂಕ ಬೇಕು, ಅಂಕ ಬೇಕಾದರೆ ದೇಶ ದೇಶ ಸುತ್ತಬೇಕು, ಆ ಹಂತದಲ್ಲಿ ವಿಮಾನದ ಟಿಕೆಟ್ ಬಹುತೇಕ ಮನೆಯದ್ದೇ. ಹಳೆಯ ಅಂಕಗಳು ವಾರವಾರವೂ ಕಳಚಿ ಬೀಳುವುದರಿಂದ ಗಾಯವಾಗಿ ಕುಳಿತರೂ ಏಣಿ ಕಾಯುವುದಿಲ್ಲ. ಸೂಪರ್ 100 ಟೂರ್ನಿಯ ಒಟ್ಟು ಬಹುಮಾನ ಸುಮಾರು ಒಂದು ಲಕ್ಷ ಡಾಲರ್. ಸಿಂಗಲ್ಸ್ ಗೆದ್ದವರಿಗೆ ಅದರಲ್ಲಿ ಶೇ 7.5, ಅಂದರೆ ಏಳೆಂಟು ಸಾವಿರ ಡಾಲರ್. ಕ್ವಾರ್ಟರ್ ಫೈನಲ್‌ನಲ್ಲಿ ಸೋತವರಿಗೆ 600 ಡಾಲರ್ ಆಸುಪಾಸು. ಗುವಾಹಟಿ ಅಥವಾ ಕಟಕ್‌ನಲ್ಲಿ ನಡೆದರೆ ಏನಾದರೂ ಉಳಿಯಬಹುದು. ಹೊರದೇಶವಾದರೆ ಪ್ರಯಾಣಕ್ಕೇ ಸಾಲದು.

ಆದ್ದರಿಂದ ಬಹುಮಾನದ ಹಣದಲ್ಲೇ ಬದುಕುವ ಆಟಗಾರರು ದೇಶದಲ್ಲಿ ಕೆಲವೇ ಮಂದಿ. ಉಳಿದವರಿಗೆ ಆಸರೆಯಾಗಿರುವುದು ನೌಕರಿ. ರೈಲ್ವೆ, ಆದಾಯ ತೆರಿಗೆ ಇಲಾಖೆ, ಸರ್ಕಾರಿ ತೈಲ ಕಂಪನಿಗಳು, ವಿಮಾನ ನಿಲ್ದಾಣ ಪ್ರಾಧಿಕಾರ ಆಟಗಾರರನ್ನು ನೇಮಿಸಿಕೊಳ್ಳುತ್ತವೆ. ನನ್ನ ಜೊತೆ ರೈಲಿನಲ್ಲಿ ಬರುತ್ತಿದ್ದ ಗೆಳತಿ ಇಂದು ರೈಲ್ವೆಯಲ್ಲೇ ಇದ್ದಾಳೆ. ಓದಿನಲ್ಲಿ ಮುಂದಿರುವವರಿಗೆ ಎಂಜಿನಿಯರಿಂಗ್ ಸೀಟಿಗೂ ಕ್ರೀಡಾ ಕೋಟಾ ಇದೆ. ನಾನು ಬಿ.ಪಿ.ಎಡ್. ಮಾಡಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಬೋಧಕಿಯಾದೆ, ಬೆಳಿಗ್ಗೆ ಸಂಜೆ ಕೋಚಿಂಗ್ ಮಾಡುತ್ತೇನೆ. ಇವೂ ಬ್ಯಾಡ್ಮಿಂಟನ್ ಕೊಟ್ಟ ಬದುಕುಗಳೇ. ಇವನ್ನು ಸೋಲು ಎಂದು ಯಾರಾದರೂ ಕರೆದರೆ ನನಗೆ ಸಿಟ್ಟು ಬರುತ್ತದೆ.

ಶಾಲೆ ಬಿಡಿಸುವ ಮಾತನ್ನು ಮಾತ್ರ ನನ್ನ ಮುಂದೆ ಎತ್ತಬೇಡಿ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಮಗು ತರಗತಿಯಲ್ಲಿ ಕೂರಲಿ. ಅರ್ಜಿ ಹಾಕಬೇಕಾದ ಪ್ರತಿ ನೌಕರಿಗೂ ಆ ಅಂಕಪಟ್ಟಿ ಬೇಕು.

ವಯಸ್ಸು ಮೀರಿತೇ ಎಂಬ ಚಿಂತೆಯೂ ಬಹಳ ಜನರಿಗಿದೆ. ಹದಿಮೂರರ ಒಳಗಿನವರ ಟೂರ್ನಿಯಲ್ಲಿ ಗೆಲ್ಲಲಿಲ್ಲವೆಂದು ಅತ್ತು ಆಟ ಬಿಟ್ಟ ಮಕ್ಕಳನ್ನು ಕಂಡಿದ್ದೇನೆ. ನಮ್ಮ ಕರ್ನಾಟಕದ ಅರವಿಂದ್ ಭಟ್ 2014ರಲ್ಲಿ ಜರ್ಮನ್ ಓಪನ್ ಗೆದ್ದಾಗ ಅವರಿಗೆ 34 ವರ್ಷ.

ಗುಬ್ಬಿಯ ಆ ತಂದೆಗೆ ಇಷ್ಟೆಲ್ಲ ಹೇಳಲು ಅಂದು ಸಮಯವಿರಲಿಲ್ಲ. ಈಗ ಅವರಿಗೂ, ಮುಂದೆ ಕೇಳುವವರಿಗೂ ಹೇಳುತ್ತಿದ್ದೇನೆ. ಎರಡು ವರ್ಷ ಕೊಡಿ. ಈ ಎರಡು ವರ್ಷ ಫಲಿತಾಂಶ ಕೇಳಬೇಡಿ, ಕೋರ್ಟ್ ಪಕ್ಕದಿಂದ ಕೂಗಿ ಹೇಳಿಕೊಡಬೇಡಿ. ದುಬಾರಿ ರ‍್ಯಾಕೆಟ್ ಈಗ ಬೇಡ, ನನ್ನ ಹತ್ತಿರ ಇರುವುದರಲ್ಲಿ ಒಂದನ್ನು ಕೊಡುತ್ತೇನೆ. ಮೊದಲು ಗಮ್ ಸೋಲ್, ಅಂದರೆ ಜಾರದ ರಬ್ಬರಿನ ಅಡಿ, ಇರುವ ಒಳ್ಳೆಯ ಶೂ ಕೊಳ್ಳಿ, ಬೆರಳ ತುದಿಯಲ್ಲಿ ಸ್ವಲ್ಪವೇ ಜಾಗ ಇರಲಿ. ಸ್ಕಿಪ್ಪಿಂಗ್ ಹಗ್ಗ ತನ್ನಿ. ಸೋಮವಾರ ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆದಿರುತ್ತದೆ.