ಯಾವುದು ಕಾಗದದಲ್ಲಿ, ಯಾವುದು ಪರದೆಯಲ್ಲಿ

ಧಾರವಾಡ
20 ಜುಲೈ 2025, ರವಿವಾರ

ಬೆಳಗಿನಿಂದ ಮಳೆ ಬಿಟ್ಟಿಲ್ಲ. ಕಪಾಟಿನ ಕೆಳಸಾಲಿನ ಪುಸ್ತಕಗಳಿಗೆ ಬೂಷ್ಟು ಹಿಡಿದಿದೆ. ಒರೆಸಿ ಫ್ಯಾನಿನ ಕೆಳಗೆ ಹರಡುತ್ತಿದ್ದೆ. "ಎಲ್ಲಾ ಟ್ಯಾಬಿನಾಗ ಹಾಕ್ಕೊಂಡಿದ್ರ ಮನಿ ಅರ್ಧ ಖಾಲಿ ಆಗ್ತಿತ್ತು ನೋಡ್ರಿ" ಅಂದಳು ಹೆಂಡತಿ. ಮಾತು ಸುಳ್ಳಲ್ಲ. ಆದರೆ ಕನ್ನಡ ಓದುವವರಿಗೆ ಅದು ಅಷ್ಟು ಸಲೀಸಿಲ್ಲ.

ಈ ವಿಷಯ ಎತ್ತಿದರೆ ಜನ ಕಾಗದದ ವಾಸನೆ ಅಂತ ಶುರು ಮಾಡುತ್ತಾರೆ. ಇವತ್ತಂತೂ ನನಗೆ ಆ ವಾಸನೆ ಸಾಕಾಗಿದೆ! ನಾನು ಮೊದಲು ನೋಡುವುದು ಇ-ಪುಸ್ತಕ ಹೇಗೆ ಮಾಡಿದ್ದಾರೆ ಅಂತ. ಅಚ್ಚಿನ ಪುಟವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಆರು ಇಂಚಿನ ಪರದೆಯಲ್ಲಿ ಒತ್ತಕ್ಷರ ಕಾಣುವುದೇ ಇಲ್ಲ. ಹಿಗ್ಗಿಸಿದರೆ ಸಾಲು ಅಂಚು ದಾಟುತ್ತದೆ, ಪ್ರತಿ ಸಾಲಿಗೂ ಬೆರಳಿಂದ ಎಳೆಯಬೇಕು. ಇಪಬ್ ಅನ್ನುವ ಇ-ಪುಸ್ತಕದ ಫೈಲು ಹಾಗಲ್ಲ. ಅಕ್ಷರ ದೊಡ್ಡದಾದಂತೆ ಸಾಲು ತಾನೇ ಹೊಂದಿಕೊಳ್ಳುತ್ತದೆ.

ಆದರೆ ನಮ್ಮ ಎಷ್ಟೋ ಪುಸ್ತಕಗಳು ಕಂಪ್ಯೂಟರಿಗೆ ಬಂದದ್ದು ಎಲ್ಲ ಕಂಪ್ಯೂಟರಿನಲ್ಲೂ ಅಕ್ಷರ ಒಂದೇ ಥರ ಗುರುತಿಸುವ ಯುನಿಕೋಡ್ ಬಳಕೆಗೆ ಬರುವ ಮೊದಲು, ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ. ಅವನ್ನು ಪರಿವರ್ತಿಸುವಾಗ ಅರ್ಕಾವತ್ತು, ಒತ್ತು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಮತ್ತೆ ಕರಡು ತಿದ್ದಬೇಕು. ಆ ಖರ್ಚಿಗೆ ಪ್ರಕಾಶಕರು ಹಿಂಜರಿದರೆ ತಪ್ಪೇನು? 2016ರಲ್ಲಿ ಅಮೆಜಾನ್ ತನ್ನ ಇ-ಪುಸ್ತಕ ಓದುವ ಸಾಧನ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕ ತಂದಿತು, ಕನ್ನಡ ಬಿಟ್ಟಿತು. ಪಕ್ಕದ ಮರಾಠಿಯವರನ್ನು ನೋಡಿ ಹೊಟ್ಟೆ ಉರಿದಿತ್ತು. ಆಮೇಲೆ ಕನ್ನಡ ಇ-ಪುಸ್ತಕ ಮಾರುವ ಮೈಲ್ಯಾಂಗ್‌ನಂಥ ಆ್ಯಪ್ ಬಂದು ಸ್ವಲ್ಪ ಸಮಾಧಾನ.

ಅವ್ವನಿಗೆ ಈಗ ಅಚ್ಚಿನ ಸಣ್ಣ ಅಕ್ಷರ ಓದಲಾಗುವುದಿಲ್ಲ. ಟ್ಯಾಬಿನಲ್ಲಿ ದೊಡ್ಡದು ಮಾಡಿ ಕೊಟ್ಟೆ. ಒಂದು ತಾಸು ಓದಿ, "ಛಲೋ ಕಾಣಸ್ತೈತಿ. ಆದ್ರ ಇನ್ನ ಎಷ್ಟ ಉಳದೈತಿ ಅಂತ ತಿಳೀವಲ್ದು" ಅಂದಳು. ಮೂಲೆಯ ಶೇಕಡಾ ಅಂಕಿ ತೋರಿಸಿದೆ. "ಅದು ಬ್ಯಾಟರಿ ಅಂತ ಮಾಡಿದ್ದೆ!"

ಅವ್ವನಿಗೆ ಅನುಕೂಲವಾದದ್ದೇ ಪದ್ಯಕ್ಕೆ ತೊಂದರೆ. ಅಕ್ಷರ ಹಿಗ್ಗಿದರೆ ಕವಿ ಮುರಿದ ಕಡೆ ಸಾಲು ಮುರಿಯುವುದಿಲ್ಲ. ಹಾಗಾಗಿ ಕವಿತೆ ನನಗೆ ಕಾಗದದಲ್ಲೇ ಬೇಕು. ನಾಟಕವೂ ಅಷ್ಟೇ, ಹಿಂದೆ ಮುಂದೆ ತಿರುವಿ ನೋಡುವುದು ಜಾಸ್ತಿ.

ಇನ್ನೊಂದು ತಕರಾರು ಇದೆ. ಇ-ಪುಸ್ತಕಕ್ಕೆ ದುಡ್ಡು ಕೊಟ್ಟರೂ ಸಿಗುವುದು ಸಾಮಾನ್ಯವಾಗಿ ಓದುವ ಪರವಾನಗಿ ಮಾತ್ರ. 2009ರಲ್ಲಿ ಅಮೆಜಾನ್, ಮಾರಿದವರಿಗೆ ಹಕ್ಕಿರಲಿಲ್ಲ ಅಂತ, ಕೊಂಡವರ ಕಿಂಡಲ್‌ನಿಂದಲೇ ಆರ್ವೆಲ್‌ನ '1984' ಅಳಿಸಿ ದುಡ್ಡು ವಾಪಸ್ ಮಾಡಿತ್ತು. ಸರ್ಕಾರ ಹಳೆಯ ದಾಖಲೆ ಅಳಿಸುವ ಕಥೆಯದು, ಅಳಿಸಲು ಅದೇ ಪುಸ್ತಕ ಸಿಗಬೇಕಾ! ನನ್ನ ಕಪಾಟಿನಿಂದ ಪುಸ್ತಕ ಒಯ್ಯುವವರು ಗೆಳೆಯರು ಮಾತ್ರ. ಅವರು ದುಡ್ಡು ವಾಪಸ್ ಕೊಡುವುದಿಲ್ಲ, ಪುಸ್ತಕವನ್ನೂ ಕೊಡುವುದಿಲ್ಲ. ಆದರೂ ಇನ್ನೊಬ್ಬರು ಓದಿದರಲ್ಲ, ಅಲ್ವಾ?

ಅವ್ವ ಕೇಳಿದ ಕಾದಂಬರಿ ಸಂಜೆ ಡೌನ್‌ಲೋಡ್ ಮಾಡಿಕೊಟ್ಟೆ. ನಾಳೆ ಮಳೆ ಹೊಳವಾದರೆ ಸುಭಾಸ ರಸ್ತೆಗೆ, ಪ್ರಕಾಶಕರಾದ ಮನೋಹರ ಗ್ರಂಥಮಾಲೆಯ ಅಟ್ಟಕ್ಕೆ ಹೋಗಿ ಒಂದೆರಡು ನಾಟಕ ತರಬೇಕು. ಕೆಳಸಾಲು ಸದ್ಯ ಖಾಲಿಯೇ ಇದೆ.