ಹೇಮಾವತಿ ಹಿನ್ನೀರಿಗೆ ಗಾಳ ಹಿಡಿದು ಹೊರಡುವವರಿಗೆ

ಗಾಳ ಹಾಕಲು ಎಲ್ಲಿಗಾದರೂ ಹೋಗೋಣ ಅಂತ ಹೊರಟವರು ಮೊದಲು ವಿಚಾರಿಸುವುದು ರಾಡ್ ಯಾವುದು ತಗೊಳ್ಳಲಿ, ರೀಲ್‌ಗೆ ಎಷ್ಟಾಗುತ್ತೆ ಅಂತಲೇ. ಫೆಬ್ರವರಿಯಲ್ಲಿ ಭಾವನ ಜೊತೆ ಮೂರು ದಿನ ಗೊರೂರಿನ ಹೇಮಾವತಿ ಹಿನ್ನೀರು ಸುತ್ತಿ ಬಂದೆ. ಈಗ ಯಾರಾದರೂ ಕೇಳಿದರೆ ರಾಡ್ ವಿಷಯ ಕೊನೆಗೆ ಇಟ್ಟುಕೊಳ್ಳಿ ಅನ್ನುತ್ತೇನೆ. ಅಣೆಕಟ್ಟೆಯಲ್ಲಿ ನೀರು ಎಷ್ಟಿದೆ, ಅಲ್ಲಿನ ಮೀನಿನ ಹಕ್ಕು ಯಾರದು, ಇವೆರಡು ಗೊತ್ತಾಗದೆ ಬ್ಯಾಗ್ ಕಟ್ಟಬೇಡಿ.

ನೀರಿನ ಮಟ್ಟ ತಿಳಿಯುವುದು ಸುಲಭ. ಹೇಮಾವತಿಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ. ಇವತ್ತು ಎಷ್ಟಿದೆ ಅನ್ನುವುದು ಪೇಪರಿನಲ್ಲೇ ಬರುತ್ತದೆ. ತುಂಬಿ ನಿಂತಾಗ ನೀರು ಪೊದೆಗಳ ಒಳಗೆ ನುಗ್ಗಿರುತ್ತದೆ. ಮೀನು ದಡದ ಹತ್ತಿರವೇ ಇರುತ್ತದೆ, ಆದರೆ ಎಸೆದ ಗಾಳವೆಲ್ಲ ಕೊಂಬೆಗೆ ಸಿಕ್ಕಿ ಹೋಗುತ್ತದೆ. ಏಪ್ರಿಲ್, ಮೇ ಹೊತ್ತಿಗೆ ನೀರು ದೂರ ಸರಿದು, ನಡುವೆ ಬರೀ ಹೂಳು. ಡಿಸೆಂಬರಿನಿಂದ ಫೆಬ್ರವರಿವರೆಗೆ ನೀರು ನಿಧಾನವಾಗಿ ಇಳಿಯುವಾಗ ನಮ್ಮಂಥವರಿಗೆ ಅನುಕೂಲ. ಮಳೆಗಾಲದಲ್ಲಿ ಮಾತ್ರ ಖಂಡಿತ ಬೇಡ. ಕಾಟ್ಲಾ, ರೋಹು, ಮೃಗಾಲ್ ಎಲ್ಲವೂ ಹೊಸ ನೀರಿಗೆ ಎದುರೇರಿ ಮೊಟ್ಟೆ ಇಡುವ ಕಾಲ ಅದು. ಆಗ ಹಿಡಿದ ಒಂದು ಮೀನಿನ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇರುತ್ತದೆ.

ಇನ್ನು ಹಕ್ಕಿನ ಮಾತು. ಕೆರೆ, ಅಣೆಕಟ್ಟೆ ಅಂದರೆ ಸರ್ಕಾರದ್ದು, ಯಾರು ಬೇಕಾದರೂ ಹಿಡಿಯಬಹುದು ಅಂದುಕೊಂಡಿರುವವರು ಬಹಳ. ಹಾಗಿಲ್ಲ. ಒಳನಾಡು ಮೀನುಗಾರಿಕೆಗೆ 1996ರ ಕಾಯ್ದೆಯೇ ಇದೆ. ಊರ ಕೆರೆಗಳನ್ನು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ, ಅವರು ದುಡ್ಡು ಹಾಕಿ ಮರಿ ಬಿಟ್ಟಿರುತ್ತಾರೆ. ಜಲಾಶಯದಲ್ಲಿ ಬಲೆ ಹಾಕುವವರು ಲೈಸೆನ್ಸ್ ಮಾಡಿಸಿಕೊಂಡಿರುತ್ತಾರೆ. ನಾವು ಹಾಸನದಲ್ಲಿ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡು, ಆಮೇಲೆ ದಡದ ಊರಿನ ಮೀನುಗಾರರನ್ನೂ ಮಾತಾಡಿಸಿದೆವು. ಎಲ್ಲಿ ಕೂರಬಹುದು, ಎಲ್ಲಿ ಅವರ ಬಲೆ ಇದೆ ಅಂತ ಅವರೇ ತೋರಿಸಿದರು. ಅಣೆಕಟ್ಟೆಯ ಗೋಡೆ, ಗೇಟಿನ ಆಸುಪಾಸು ಹೋಗಲೇಬಾರದು. ಕೆಳಗಿನ ಹೊಳೆಯ ಬಂಡೆಗಳ ಮೇಲೂ ಕೂರಬೇಡಿ. ನೀರು ಬಿಟ್ಟರೆ ಎದ್ದು ಬರುವಷ್ಟು ಹೊತ್ತು ಸಿಗುವುದಿಲ್ಲ. ಕಬಿನಿ, ಭದ್ರಾ ಹಿನ್ನೀರುಗಳಿಗೆ ಹುಲಿ ಸಂರಕ್ಷಿತ ಕಾಡು ತಾಗಿಕೊಂಡಿದೆ, ಅವುಗಳ ಯೋಚನೆಯೇ ಬೇಡ. ಮಶೀರ್ ಅನ್ನುವ ದೊಡ್ಡ ಹೊಳೆ ಮೀನು ಹಿಡಿದು ನಿಂತವರ ಹಳೆಯ ಫೋಟೊ ನೋಡಿಕೊಂಡು ಭೀಮೇಶ್ವರಿಗೂ ಹೊರಡಬೇಡಿ, ಅದು ಕಾವೇರಿ ವನ್ಯಜೀವಿಧಾಮ.

ಎರಡನೇ ದಿನ ಶೆಟ್ಟಿಹಳ್ಳಿ ಕಡೆ ಹೋದೆವು. 1860ರ ದಶಕದ ಹಳೇ ಚರ್ಚು ಅಲ್ಲಿ ಹಿನ್ನೀರಿನಲ್ಲೇ ನಿಂತಿದೆ. ಮಳೆಗಾಲ ಕಳೆದಾಗ ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ಬುಡದವರೆಗೆ ನಡೆದು ಹೋಗಬಹುದು. ಜನ ಸೇರುವ ಜಾಗವಾದ್ದರಿಂದ ನಾವು ಅಲ್ಲಿಂದ ಬಹಳ ದೂರ ಹೋಗಿ ಕೂತೆವು. ನೀರಿಗೆ ಇನ್ನೂ ಹತ್ತು ಹೆಜ್ಜೆ ಹತ್ತಿರ ಹೋಗೋಣ ಅಂತ ಒಣಗಿ ಬಿರುಕು ಬಿಟ್ಟ ನೆಲದ ಮೇಲೆ ಕಾಲಿಟ್ಟೆ. ಮೇಲ್ಪದರ ಹಪ್ಪಳದ ಹಾಗೆ ಮುರಿದು ಮೊಣಕಾಲಿನವರೆಗೆ ಹೂಳಿಗಿಳಿದೆ. ಒಂದು ಕಾಲು ಎಳೆದರೆ ಇನ್ನೊಂದು ಇನ್ನೂ ಆಳಕ್ಕೆ. ದೂರದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಕೂಗಿಕೊಂಡೇ ಬಂದರು: "ಕಾಲು ಕೀಳಕ್ಕೆ ಹೋಗ್ಬೇಡಿ ಸ್ವಾಮಿ, ಹಿಂದಕ್ಕೆ ಕೂತ್ಕಳಿ, ಕೂತ್ಕಂಡುಬುಡಿ!" ಕೂತೆ. ಹರಿಗೋಲಿನ ಹುಟ್ಟನ್ನು ಅಡ್ಡ ಹಾಕಿದರು, ಅದರ ಮೇಲೆ ಭಾರ ಬಿಟ್ಟು ಒಂದೊಂದೇ ಕಾಲು ಅಲುಗಾಡಿಸುತ್ತಾ ತೆಗೆದೆ. ದನದ ಗೊರಸಿನ ಗುರುತು ಇರುವ ಕಡೆ ಮಾತ್ರ ನಡೀರಿ, ದನಕ್ಕೆ ಗೊತ್ತಿರುತ್ತೆ ಅಂದರು ಅವರು. ಈ ಒಂದು ಮಾತಿಗೆ ನಾನು ಅವರಿಗೆ ಋಣಿ. ಒಬ್ಬರೇ ಹೋಗಬೇಡಿ, ಒಂದು ಗಟ್ಟಿ ಕೋಲು ಕೈಯಲ್ಲಿರಲಿ.

ಮೇವಿಗೆ ಅಂಗಡಿಯದ್ದೇನೂ ಬೇಕಾಗಿಲ್ಲ. ರಾಗಿ ಮುದ್ದೆಯನ್ನು ಮಾಮೂಲಿಗಿಂತ ಗಟ್ಟಿಯಾಗಿ ತಿರುವಿ, ಬಿಸಿ ಇರುವಾಗಲೇ ಪುಡಿ ಮಾಡಿದ ಕಡಲೆಕಾಯಿ ಹಿಂಡಿ, ಚೂರು ಬೆಲ್ಲ ಹಾಕಿ ನಾದಬೇಕು. ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ಒಂದು ಲೋಟ ನೀರಿಗೆ ಬಿಡಿ. ಹತ್ತು ನಿಮಿಷವಾದರೂ ಅಂಚು ಕರಗದೆ ನಿಂತರೆ ಹದ ಬಂದಿದೆ ಅಂತ. ಕರಗಿದರೆ ಇನ್ನಷ್ಟು ಹಿಟ್ಟು ಹಾಕಿ ಬೇಯಿಸಿ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಸಂಜೆವರೆಗೂ ಒಣಗುವುದಿಲ್ಲ. ಮೊದಲ ದಿನ ನಮ್ಮದು ಸಡಿಲವಾಗಿತ್ತು, ಎಸೆಯುವಾಗಲೇ ಉಂಡೆ ಗಾಳ ಬಿಟ್ಟು ಬೇರೆ ಕಡೆ ಹಾರುತ್ತಿತ್ತು.

ಯಾವ ಮೀನು ಎಲ್ಲಿ ಮೇಯುತ್ತದೆ ಅನ್ನುವುದು ತಿಳಿದಿರಲಿ. ಕಾಟ್ಲಾ ಮೇಲಿನ ನೀರಿನದು, ರೋಹು ನಡುವಿನದು, ಮೃಗಾಲ್ ಮತ್ತು ಗೆಂಡೆ ತಳ ಕೆದಕುವಂಥವು. ರಾಗಿ ಉಂಡೆಗೆ ಸೀಸ ಕಟ್ಟಿ ತಳಕ್ಕೆ ಬಿಟ್ಟರೆ ಗೆಂಡೆ; ಬೆಂಡು ಕಟ್ಟಿ ಎರೆಹುಳು ಹಾಕಿದರೆ ದಡದಲ್ಲೇ ಜಿಲೇಬಿ ಮೀನು (ತಿಲಾಪಿಯಾ), ಮಕ್ಕಳಿದ್ದರೆ ಅವರಿಗೆ ಅದೇ ಖುಷಿ. ಚಳಿ ಇನ್ನೂ ಇದ್ದದ್ದರಿಂದ ಬೆಳಗಿನ ಆರಕ್ಕೇ ಹೋಗಿ ಕೂತರೂ ಒಂಬತ್ತರವರೆಗೆ ಬೆಂಡು ಅಲುಗಲಿಲ್ಲ. ಬಿಸಿಲು ಏರಿದ ಮೇಲೆ ಶುರುವಾಯಿತು. ಮೂರು ದಿನಕ್ಕೆ ಎರಡು ಕೆಜಿಯ ಒಂದು ಗೆಂಡೆ, ಹನ್ನೆರಡು ಜಿಲೇಬಿ ಸಿಕ್ಕವು. ಅಂಗೈಗಿಂತ ಚಿಕ್ಕ ರೋಹು ಎರಡನ್ನು ಕೈ ಒದ್ದೆ ಮಾಡಿಕೊಂಡೇ ಗಾಳ ಬಿಡಿಸಿ ನೀರಿಗೆ ಬಿಟ್ಟೆವು. ಒಣಗೈಯಲ್ಲಿ ಹಿಡಿದರೆ ಮೈ ಮೇಲಿನ ಲೋಳೆ ಕಿತ್ತುಬರುತ್ತದೆ.

ನೈಲಾನ್ ದಾರದ ತುಂಡು ಒಂದನ್ನೂ ದಡದಲ್ಲಿ ಬಿಡಬೇಡಿ. ಸಂಜೆ ಒಂದು ನೀರುಕಾಗೆ ಹಾರಲಾಗದೆ ಬಂಡೆಯ ಹತ್ತಿರ ಒದ್ದಾಡುತ್ತಿತ್ತು. ಯಾರೋ ಬಿಸಾಡಿದ ದಾರ ಎರಡು ಕಾಲಿಗೂ ಸುತ್ತಿ, ಒಂದು ಕಡೆ ಚರ್ಮ ಕುಯ್ದು ಒಳಗೆ ಹೋಗಿತ್ತು. ಭಾವ ಟವೆಲ್ ಹಾಕಿ ಹಿಡಿದುಕೊಂಡರು, ನಾನು ನೇಲ್ ಕಟ್ಟರ್‌ನಲ್ಲಿ ಎಳೆಎಳೆಯಾಗಿ ಕತ್ತರಿಸಿದೆ. ಬಿಟ್ಟಾಗ ಹಾರಲಿಲ್ಲ, ನೀರಿಗಿಳಿದು ಈಜಿತು.

ಉಳಿಯಲು ಹಾಸನವೇ ಸರಿ, ದಡದಲ್ಲಿ ಟೀ ಅಂಗಡಿಯೂ ಇಲ್ಲ, ನೆರಳೂ ಕಡಿಮೆ. ಕುಡಿಯುವ ನೀರು ತುಂಬಿಕೊಂಡು ಹೋಗಿ.

ವಾಪಸ್ ಬರುವಾಗ ಅರಕಲಗೂಡು ಮೇಲೆ ರಾಮನಾಥಪುರಕ್ಕೆ ಹೋಗಿ ಬನ್ನಿ. ಅಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯಲ್ಲಿ ದೇವರ ಮೀನುಗಳಿವೆ, ಯಾರೂ ಹಿಡಿಯುವುದಿಲ್ಲ. ರಾಡ್‌ಗಳನ್ನು ಕಾರಿನಲ್ಲೇ ಬಿಟ್ಟು ಬೀಗ ಹಾಕಿ, ಒಂದು ಪೊಟ್ಟಣ ಪುರಿ ತಗೊಂಡು ಇಳಿಯಿರಿ. ಮೆಟ್ಟಿಲು ಪಾಚಿ ಕಟ್ಟಿರುತ್ತದೆ, ಚಪ್ಪಲಿ ಬಿಟ್ಟು ಹುಷಾರಾಗಿ. ಮೂರು ದಿನ ಬೆಂಡಿನ ತುದಿ ಮಾತ್ರ ನೋಡಿದ್ದ ಭಾವ ಅಲ್ಲಿ ಪುರಿ ಮುಗಿದ ಮೇಲೂ ಅರ್ಧ ಗಂಟೆ ಕೂತಿದ್ದರು, ಕಪ್ಪು ಬೆನ್ನುಗಳು ಕಾಲಿನ ಹತ್ತಿರವೇ ತಿರುಗುತ್ತಿದ್ದವು.