ಬರ್ಮಾ-ಶೇವ್ ಬೋರ್ಡುಗಳು

ಅಕ್ಟೋಬರ್ 18, 2025, ಶನಿವಾರ
ಕಿಂಗ್‌ಮನ್, ಅರಿಜೋನಾ

ಸೆಲಿಗ್ಮನ್‌ನಿಂದ ಇಲ್ಲಿವರೆಗೂ ಹಳೇ ರೂಟ್ 66 ಹೆದ್ದಾರಿ ಮೇಲೇ ಬಂದ್ವಿ. ಹೊಸ ಹೆದ್ದಾರಿ ಐ-40 ಹಿಡಿದಿದ್ರೆ ಬೇಗ ಮುಟ್ತಿದ್ವಿ, ಆದ್ರೆ ಹೊರಟಿದ್ದೇ ಈ ರಸ್ತೆಗೋಸ್ಕರ, 1926ರದ್ದು, ಮುಂದಿನ ವರ್ಷ ನೂರು ತುಂಬತ್ತೆ. ದಾರಿ ಪಕ್ಕ ಸಣ್ಣ ಸಣ್ಣ ಕೆಂಪು ಬೋರ್ಡು, ಬಿಳಿ ಅಕ್ಷರ, ಒಂದೊಂದರಲ್ಲೂ ಎರಡ್ಮೂರು ಪದ ಅಷ್ಟೇ, ಪದ್ಯ ಪೂರ್ತಿ ಆಗ್ಬೇಕಂದ್ರೆ ಮುಂದಿನದು ಬರೋವರೆಗೂ ಕಾಯ್ಬೇಕು. ಅಪ್ಪ ಮುಂದಿನ ಸೀಟಲ್ಲಿ ಕೂತು ಜೋರಾಗಿ ಓದ್ತಾ ಬಂದ್ರು, ಕೊನೇದ್ರಲ್ಲಿ "ಬರ್ಮಾ-ಶೇವ್" ಅಂತ ಬಂತು ನೋಡಿ, "ಎಲಾ, ಬರ್ಮಾಕ್ಕೂ ಈ ಮರಳುಗಾಡಿಗೂ ಏನೋ ಸಂಬಂಧ?" ಅಂದ್ರು.

ಸಂಬಂಧ ಇದೆ, ಸ್ವಲ್ಪ. ಮಿನ್ನಿಯಾಪೊಲಿಸ್‌ನ ಓಡೆಲ್ ಅನ್ನೋರ ಮನೆತನದ ಕಂಪನಿ ಮೊದಲು ಮಾರ್ತಿದ್ದಿದ್ದು ಬರ್ಮಾ-ವೀಟಾ ಅನ್ನೋ ನೋವಿನೆಣ್ಣೆ, ಅದಕ್ಕೆ ಬೇಕಾದ ತೈಲಗಳು ಬರ್ಮಾ, ಮಲಯ ಕಡೆಯಿಂದ ಬರ್ತಿದ್ವು. ಅದು ಓಡ್ಲಿಲ್ಲ. ಆಮೇಲೆ ಬರ್ಮಾ-ಶೇವ್ ಅನ್ನೋ, ಬ್ರಷ್ ಬೇಡದ ಶೇವಿಂಗ್ ಕ್ರೀಮ್ ಮಾಡಿದ್ರು, ಅದೂ ಮೊದಲಿಗೆ ಓಡ್ಲಿಲ್ಲ. ಮಗ ಅಲನ್ ಓಡೆಲ್ 1925ರಲ್ಲಿ ಅಪ್ಪನ ಹತ್ರ ಇನ್ನೂರು ಡಾಲರ್ ಇಸ್ಕೊಂಡು ಮಿನ್ನೆಸೋಟದ ರಸ್ತೆಗಳಲ್ಲಿ ಸಾಲಾಗಿ ಬೋರ್ಡು ನೆಟ್ಟ. ಕಾರಲ್ಲಿ ರೇಡಿಯೋ ಇಲ್ಲದ ಕಾಲ ನೋಡಿ (ಮೋಟೊರೋಲಾ ಕಾರ್ ರೇಡಿಯೋ ಬಂದಿದ್ದು 1930ಕ್ಕೆ), ಹೊಲ ಬಿಟ್ರೆ ಹೊಲ, ಜನಕ್ಕೆ ಓದೋಕೆ ಏನಾದ್ರೂ ಸಿಕ್ರೆ ಸಾಕಾಗಿತ್ತು. ಬೋರ್ಡಿಂದ ಬೋರ್ಡಿಗೆ ನೂರು ಹೆಜ್ಜೆ, ಗಂಟೆಗೆ 35 ಮೈಲಿ ಸ್ಪೀಡಲ್ಲಿ ಹೋದ್ರೆ ಒಂದಾದ್ಮೇಲೊಂದು ಕೆಲವೇ ಸೆಕೆಂಡಿಗೆ ಸಿಗತ್ತೆ, ನಗು ಬರೋ ಹೊತ್ತಿಗೆ ಸರಿಯಾಗಿ ಪ್ರಾಸ ಬಂದು ಬೀಳತ್ತೆ. ರೈತರಿಗೆ ಜಾಗದ ಬಾಡಿಗೆ ಕೊಡ್ತಿದ್ರು, ಪದ್ಯ ಬರೆದು ಕಳ್ಸಿದೋರಿಗೆ ಆಯ್ಕೆಯಾದ್ರೆ ನೂರು ಡಾಲರ್. ಒಂದು ಕಾಲಕ್ಕೆ ದೇಶದ ತುಂಬ ಇಂಥ ಏಳು ಸಾವಿರ ಸೆಟ್ಟು ಇದ್ವಂತೆ.

ನಂಗೆ ತುಂಬ ಇಷ್ಟ ಆಗೋದು ಮಾರ್ಸ್ ಕಥೆ. ಒಂಬೈನೂರು ಖಾಲಿ ಡಬ್ಬಿ ತಂದ್ರೆ ಮಾರ್ಸಿಗೆ, ಅಂದ್ರೆ ಮಂಗಳ ಗ್ರಹಕ್ಕೆ, ಫ್ರೀ ಟ್ರಿಪ್ಪು ಅಂತ ತಮಾಷೆಗೆ ಒಂದು ಬೋರ್ಡು ಹಾಕಿದ್ರು, 1950ರ ದಶಕದ ಕೊನೇಲಿ ವಿಸ್ಕಾನ್ಸಿನ್‌ನ ಆಪಲ್ಟನ್ ಊರಿನ ಒಬ್ಬ ದಿನಸಿ ಅಂಗಡಿ ಮ್ಯಾನೇಜರ್ ನಿಜವಾಗ್ಲೂ ಒಂಬೈನೂರು ಡಬ್ಬಿ ಒಟ್ಟು ಹಾಕ್ಬಿಟ್ಟ! ಕಂಪನಿಯೋರು ತಲೆ ಕೆರ್ಕೊಂಡು ಕೊನೆಗೆ ಅವನನ್ನ ಜರ್ಮನಿಯ ಮೋರ್ಸ್ ಅನ್ನೋ ಊರಿಗೆ ಕಳ್ಸಿದ್ರು, ಹೆಸರು ಹತ್ತಿರ ಹತ್ತಿರ ಇದ್ಯಲ್ಲ ಅಂತ. ಈಗಾಗಿದ್ರೆ ಕೆಳಗಡೆ ಸಣ್ಣಕ್ಷರದಲ್ಲಿ ಷರತ್ತುಗಳು ಅನ್ವಯ ಅಂತ ಹಾಕಿ ಕೈ ತೊಳ್ಕೋತಿದ್ರು.

1956ರ ಕಾನೂನಿಂದ ಐ-40 ಥರದ ಇಂಟರ್‌ಸ್ಟೇಟ್ ಹೆದ್ದಾರಿಗಳು ಬಂದ್ವು, ಕಾರು ಜೋರಾಯ್ತು, ಆ ಸ್ಪೀಡಿಗೆ ಸಣ್ಣ ಬೋರ್ಡು ಓದೋಕಾಗಲ್ಲ. 1963ರಲ್ಲಿ ಕಂಪನಿ ಫಿಲಿಪ್ ಮಾರಿಸ್ ಕೈಗೆ ಹೋಯ್ತು, ಬೋರ್ಡುಗಳನ್ನ ಕಿತ್ತು ಹಾಕಿದ್ರು, ಒಂದು ಸೆಟ್ಟು ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರ್ತು.

ಹಾಗಾದ್ರೆ ನಾವಿವತ್ತು ನೋಡಿದ್ದೇನು? ಅದೇ ಮಜಾ. ಮೋಟೆಲ್‌ಗೆ ಬಂದು ಓದ್ತಾ ಕೂತಾಗ ಗೊತ್ತಾಯ್ತು, ಅರಿಜೋನಾದಲ್ಲಿ ಇವು ಆಗ ಇರಲೇ ಇಲ್ಲ! ಓಡಾಡೋ ಗಾಡಿ ಕಡಿಮೆ ಅಂತ ಅರಿಜೋನಾ, ನೆವಾಡ, ನ್ಯೂ ಮೆಕ್ಸಿಕೋ ಮೂರನ್ನೂ ಕಂಪನಿಯೋರು ಬಿಟ್ಟಿದ್ರು. ಸೆಲಿಗ್ಮನ್‌ನ ಪಕ್ಕದಲ್ಲೇ 1978ರಲ್ಲಿ ಐ-40 ಆಗಿ ಊರು ಬಣಗುಡ್ತಿದ್ದಾಗ ಅಲ್ಲಿನ ಕ್ಷೌರಿಕ ಏಂಜೆಲ್ ಡೆಲ್ಗಾಡಿಲೋ ಮತ್ತೆ ಊರಿನೋರು ಸೇರಿ 1987ರಲ್ಲಿ ಸಂಘ ಕಟ್ಟಿ ಹಳೇ ರಸ್ತೆಗೆ ಮರುಜೀವ ಕೊಟ್ರು, ಈ ಬೋರ್ಡುಗಳೆಲ್ಲ ಆಮೇಲಿನ ನೆನಪಿನ ಅಂಗಡಿಯ ಮಾಲು. ನಂಗೇನೂ ಬೇಜಾರಾಗ್ಲಿಲ್ಲ, ಊರು ಉಳೀತಲ್ಲ.

ಆದ್ರೆ ಗಿಫ್ಟ್ ಶಾಪ್‌ಗಳಲ್ಲಿ ತಗಡಿನ ಕೋಲಾ ಬೋರ್ಡು, ಜೂಕ್‌ಬಾಕ್ಸು, "ಆ ಕಾಲವೇ ಚೆಂದ" ಅನ್ನೋ ಥರದ ಚಿತ್ರಗಳು, ಎಲ್ಲದ್ರಲ್ಲೂ ಬಿಳೀ ಅಪ್ಪ ಅಮ್ಮ ಎರಡು ಮಕ್ಕಳು. ಅದೇ ರಸ್ತೇಲಿ ಕಪ್ಪು ಜನ ಹೋಗ್ಬೇಕಂದ್ರೆ ಎಲ್ಲಿ ರೂಮು ಕೊಡ್ತಾರೆ ಎಲ್ಲಿ ಊಟ ಹಾಕ್ತಾರೆ ಅಂತ ನೋಡೋಕೆ ವಿಕ್ಟರ್ ಗ್ರೀನ್ 1936ರಿಂದ ತರ್ತಿದ್ದ ಗ್ರೀನ್ ಬುಕ್ ಜೊತೇಲಿಟ್ಕೋಬೇಕಿತ್ತು. ನಮ್ಮೋರ ಕಥೆ ಇನ್ನೂ ಚೆನ್ನಾಗಿದೆ, 1946ರ ಕಾನೂನಲ್ಲಿ ಅಮೆರಿಕಕ್ಕೆ ವಲಸೆ ಬರೋಕೆ ಇಡೀ ಇಂಡಿಯಾಕ್ಕೆ ವರ್ಷಕ್ಕೆ ನೂರು ಜನರ ಕೋಟಾ, ಅದು ಹೋಗಿದ್ದು 1965ರ ಕಾನೂನಿಂದ. ಅಪ್ಪಂಗೆ ಇದನ್ನ ಹೇಳ್ದೆ. "ನೂರೇ? ನಮ್ಮೂರ ಜಾತ್ರೆ ಬಸ್ಸಲ್ಲಿ ಅದಕ್ಕಿಂತ ಜಾಸ್ತಿ ಹತ್ತುತ್ತಿದ್ರಲ್ಲೋ" ಅಂತ ನಕ್ಬಿಟ್ರು, ಆಮೇಲೆ ಮಾರ್ಸ್ ಕಥೆ ಇನ್ನೊಂದ್ಸಲ ಹೇಳಿಸ್ಕೊಂಡ್ರು.

ನಾಳೆ ಓಟ್ಮನ್ ಕಡೆ. ಅಲ್ಲಿ ರಸ್ತೆ ತುಂಬ ಕತ್ತೆಗಳು ಓಡಾಡ್ತವೆ, ಅಪ್ಪಂಗೆ ಅದನ್ನೇ ನೋಡ್ಬೇಕಂತೆ.